ಮೂವತ್ತನಾಲ್ಕು ಗೆಡ್ಡೆ

ಮೇ ತಿಂಗಳ ಎರಡನೆಯ ಬುಧವಾರ, ಬೆಳಿಗ್ಗೆ ಆರೂವರೆ. ದುದ್ದ ಹೋಬಳಿಯ ನಮ್ಮ ಹಳ್ಳಿಯಲ್ಲಿ, ಹೊಲದ ಶೆಡ್ಡು. ಹಾಜರಿದ್ದವರು ನಾನು, ನನ್ನ ತಮ್ಮ, ಈರುಳ್ಳಿ ಕೀಳಲು ಬಂದ ಮೂವರು ಹೆಂಗಸರು. ಹೆಂಗಸರು ತಮ್ಮನ ಕೆಲಸಕ್ಕೆ ಬಂದವರು. ನನ್ನ ಕೆಲಸಕ್ಕೆ ನಾನೊಬ್ಬಳೇ.

ನನ್ನ ಕೆಲಸ ನರ್ಗಿಸ್ ಗೆಡ್ಡೆಗಳದ್ದು. ನರ್ಗಿಸ್ ಬೆಟ್ಟದ ಹೂವು. ಉತ್ತರದ ಗುಡ್ಡಗಳಲ್ಲಿ ಚಳಿ ಸರಿದು ವಸಂತ ಬರುವಾಗ ಹೊಲದ ಬದುಗಳ ಮೇಲೆ ತಾನಾಗಿ ಅರಳುತ್ತದೆ. ಆ ಕಡೆಯವಳಾದ ನನ್ನ ಹಳೆಯ ಸಹೋದ್ಯೋಗಿಯೊಬ್ಬಳು ಮೂರು ವರ್ಷದ ಹಿಂದೆ ಒಂದು ಪೊಟ್ಟಣ ಕಳಿಸಿದ್ದಳು. ಮಂಡ್ಯದ ಬಿಸಿಲಿನಲ್ಲಿ ಅದು ಹೂ ಬಿಡಬೇಕಾದರೆ ಮೊದಲು ಅದಕ್ಕೆ ಒಂದು ಸುಳ್ಳು ಚಳಿಗಾಲ ತೋರಿಸಬೇಕು. ಆಗಸ್ಟ್ ಕೊನೆಯಲ್ಲಿ ಗೆಡ್ಡೆಗಳನ್ನು ಸೋಮನಹಳ್ಳಿಯ ಒಂದು ಶೈತ್ಯಾಗಾರಕ್ಕೆ ಒಯ್ದು ಒಂಬತ್ತು ಡಿಗ್ರಿಯಲ್ಲಿ ಹತ್ತು ವಾರ ಇಡುತ್ತೇನೆ. ಅದೇ ಕೋಣೆಯಲ್ಲಿ ಮಾವು, ಬಾಳೆ ಇರಬಾರದು. ಹಣ್ಣಿನ ಉಸಿರಿಗೆ ಒಳಗಿನ ಮೊಗ್ಗು ಸಾಯುತ್ತದೆ. ನವೆಂಬರಿನಲ್ಲಿ ಪಾತಿಗೆ ಹಾಕುತ್ತೇನೆ. ಗೆಡ್ಡೆಯ ಎತ್ತರದ ಎರಡರಷ್ಟು ಆಳ, ನಡುವೆ ಅರ್ಧ ಗೇಣು, ಬುಡಕ್ಕೆ ಮರಳು. ಜನವರಿ ಕೊನೆಗೆ ಹೂ. ನಿಜವಾದ ಆರೈಕೆ ಶುರುವಾಗುವುದು ಹೂ ಮುಗಿದ ಮೇಲೆ. ಎಲೆ ತಾನಾಗಿ ಹಳದಿಯಾಗಿ ಮಲಗುವವರೆಗೆ ಮುಟ್ಟಬಾರದು. ಮುಂದಿನ ವರ್ಷದ ಹೂವನ್ನು ಗೆಡ್ಡೆ ಕೂಡಿಸಿಕೊಳ್ಳುವುದು ಆ ಎಲೆಯಿಂದಲೇ. ಏಪ್ರಿಲಿನಲ್ಲಿ ನೀರು ನಿಲ್ಲಿಸಿ, ಅಗೆದು, ಬೇರು ಕತ್ತರಿಸಿ, ಮೂರು ವಾರ ನೆರಳಿನಲ್ಲಿ ಹರಡಬೇಕು. ಆ ಬುಧವಾರ ಮೂರು ವಾರ ಮುಗಿದಿತ್ತು. ಗೆಡ್ಡೆಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಬೂಷ್ಟು ಹಿಡಿಯದ ಹಾಗೆ ಔಷಧಿ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ಒಣಗಿಸಿ ಎತ್ತಿಡುವುದು ಅಂದಿನ ಕೆಲಸ.

ಇನ್ನೊಂದು ಮಾತು ಹೇಳಬೇಕು. ನರ್ಗಿಸ್ ಗೆಡ್ಡೆ ವಿಷ. ತಿಂದರೆ ಬಾಯಿ ಉರಿ, ಜೊಲ್ಲು, ನಿಲ್ಲದ ವಾಂತಿ. ಹೆಚ್ಚಾದರೆ ಮೈ ನಡುಕ, ನಾಡಿ ಏರುಪೇರು. ಬೇಯಿಸಿದರೂ ಅದು ಹೋಗುವುದಿಲ್ಲ. ಒಣಗಿಸಿ ಬೇರು ಕತ್ತರಿಸಿದ ಗೆಡ್ಡೆಯನ್ನು ಈರುಳ್ಳಿಯ ಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು, ತಮ್ಮನಿಗೆ ಗೊತ್ತಿತ್ತು. ಊರಿನಲ್ಲಿ ಮತ್ತಾರಿಗೂ ನಾವು ಹೇಳಿರಲಿಲ್ಲ. ದನ ಮೇಯುವ ಊರಿನಲ್ಲಿ ವಿಷದ ಬೆಳೆ ಎಂದರೆ ಬೆಳೆಯಲು ಬಿಡುತ್ತಾರೆಯೇ? ಮೂರು ವರ್ಷ ಬೇಲಿ ಹಾಕಿಕೊಂಡು ಸುಮ್ಮನಿದ್ದೆವು.

ನಾನು ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದವಳು. ಹೊಟ್ಟೆಯೊಳಗೆ ಎಷ್ಟು ಬಟ್ಟೆ ತುಂಡು ಹೋದವೋ ಅಷ್ಟೇ ಹೊರಗೆ ಬಂದವೆಂದು ನಾನು ಬಾಯಿಬಿಟ್ಟು ಹೇಳದೆ ಡಾಕ್ಟರು ಹೊಲಿಗೆ ಹಾಕುವಂತಿರಲಿಲ್ಲ. ಆ ಅಭ್ಯಾಸ ಗೆಡ್ಡೆಗಳಿಗೂ ಬಂದಿದೆ. ಪಾತಿಗೆ ಹೋದದ್ದು, ಪಾತಿಯಿಂದ ಬಂದದ್ದು, ಎಸೆಯುವುದು, ಎಲ್ಲಕ್ಕೂ ಎಣಿಕೆ ಇರುತ್ತದೆ. ಆ ದಿನ ಎಸೆಯಬೇಕಾದವು ಅರವತ್ತೊಂದು. ನಾಲ್ಕನೆಯ ಪಾತಿಯ ಎಲೆಗಳಲ್ಲಿ ಹಳದಿ ಗೆರೆ ಕಂಡಿತ್ತು. ಅದು ವೈರಸ್ಸಿನ ನಂಜುರೋಗ, ಗೆಡ್ಡೆಯಿಂದ ಗೆಡ್ಡೆಗೆ ಹರಡುತ್ತದೆ. ನೋಡಲು ದಪ್ಪಗೆ, ಗಟ್ಟಿಯಾಗಿ, ಒಳ್ಳೆಯ ಗೆಡ್ಡೆಗಳೇ. ಆದರೂ ಇಡೀ ಪಾತಿಯನ್ನು ಸುಣ್ಣದ ಗುಂಡಿಗೆ ಹಾಕಬೇಕಿತ್ತು.

ಎಸೆಯುವ ಗೆಡ್ಡೆಗೆ ನನ್ನಲ್ಲಿ ಮುಚ್ಚಳವಿರುವ ಕೆಂಪು ಬಕೆಟ್ಟಿದೆ. ಆ ಬೆಳಿಗ್ಗೆ ಔಷಧಿಯ ಟಬ್ಬು ಬಿರುಕು ಬಿಟ್ಟು ಸೋರತೊಡಗಿದ್ದರಿಂದ ಔಷಧಿ ನೀರನ್ನು ಕೆಂಪು ಬಕೆಟ್ಟಿಗೆ ಸುರಿದೆ. ಅರವತ್ತೊಂದನ್ನು ಬಿದಿರಿನ ಮಂಕರಿಗೆ ಹಾಕಿ, ದಾರಿಗೆ ಅಡ್ಡವಾಗದಿರಲೆಂದು ಬಾಗಿಲ ಪಕ್ಕ ಇಟ್ಟೆ. ಕೆಲಸ ಮುಗಿದ ಕೂಡಲೇ ತೆಗೆಯುವುದೆಂದುಕೊಂಡೆ. ಎಸೆಯುವುದನ್ನು ಗುರುತಿಲ್ಲದ ಪಾತ್ರೆಯಲ್ಲಿ ಇಡಬೇಡಿ ಎಂದು ಮೂವತ್ತು ವರ್ಷ ಇನ್ನೊಬ್ಬರಿಗೆ ಹೇಳಿದವಳು ಅಂದು ನಾನೇ ಇಟ್ಟೆ.

ಹೆಂಗಸರು ಒಂಬತ್ತೂವರೆಗೆ ಈರುಳ್ಳಿ ಹೊತ್ತು ತಂದು ಶೆಡ್ಡಿನ ಇನ್ನೊಂದು ತುದಿಯಲ್ಲಿ ಸೊಪ್ಪು ಕೊಯ್ಯಲು ಕೂತರು. ಮೂವರಲ್ಲಿ ಹಿರಿಯಳು ಗುಂಪಿನ ಯಜಮಾನಿ, ಬಾಯಿ ಜೋರು. ಎರಡನೆಯವಳು ಎಮ್ಮೆ ಸಾಕಿರುವವಳು. ಮೂರನೆಯವಳು ಕಿರುಗಾವಲಿನಿಂದ ಮದುವೆಯಾಗಿ ಬಂದವಳು.

ಹಿರಿಯಳು ನನ್ನ ಬಕೆಟ್ಟು ನೋಡಿ ಕೇಳಿದಳು. “ಇದೇನ್ ನರ್ಸಮ್ಮ, ಈರುಳ್ಳಿಗೂ ನೀರು ಉಯ್ತಿದೀರಿ? ಬಾಣಂತಿಗಾದ್ರೂ ಇಷ್ಟು ಉಪಚಾರ ಇಲ್ಲ ಕಣಮ್ಮ.”

ಉಳಿದವರು ನಕ್ಕರು. ಆಗ ಹೇಳಿಬಿಡಬಹುದಿತ್ತು. ನಾನು ಗಡಿಯಾರ ನೋಡುತ್ತಿದ್ದೆ.

“ಅದು ಬೇರೆ. ನಿನ್ನ ಕೆಲಸ ನೋಡು,” ಎಂದೆ.

“ಆಯ್ತು ತಾಯಿ, ಕೇಳಾದೂ ತಪ್ಪು,” ಎಂದಳು.

ನಮ್ಮ ಕಡೆ ತರಕಾರಿ ಕೀಳಲು ಬಂದವರು ಹೊರಡುವಾಗ ಸಾರಿಗೆಂದು ಒಂದು ಮಡಿಲು ಒಯ್ಯುತ್ತಾರೆ. ಅದು ಕೂಲಿಯಲ್ಲಿ ಸೇರಿದ್ದಲ್ಲ, ಬೇಡಿ ಪಡೆಯುವುದೂ ಅಲ್ಲ. ಆದರೆ ಅದಕ್ಕೊಂದು ಅಳತೆ ಇದೆ. ಒಬ್ಬಳಿಗೆ ಒಂದು ಮಡಿಲು, ಒಂದು ಮನೆಯ ಸಾರಿಗಾಗುವಷ್ಟು. ಇನ್ನೊಂದು ಮನೆಗೂ ಸೇರಿಸಿ ತುಂಬಿಕೊಂಡರೆ ಜನ ಅದನ್ನು ಕಳವು ಅನ್ನುತ್ತಾರೆ. ಅವರಿಗಾಗಿ ಒಂದು ಸಣ್ಣ ಚೀಲ ಈರುಳ್ಳಿಯನ್ನು ನಾನೇ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೆ, ಮಂಕರಿಯ ಪಕ್ಕದಲ್ಲಿ.

ಹನ್ನೊಂದೂವರೆಗೆ ಅವರು ಎದ್ದರು. ನಾನು ಬಕೆಟ್ಟಿನ ಔಷಧಿ ನೀರನ್ನು ಗುಂಡಿಗೆ ಬಗ್ಗಿಸುತ್ತಿದ್ದೆ. ತಿರುಗಿ ನೋಡದೆಯೇ ಹೇಳಿದೆ. “ಬಾಗಿಲ ಹತ್ರ ಈರುಳ್ಳಿ ಇಟ್ಟಿದೀನಿ, ಸಾರಿಗೆ ಹಾಕ್ಕೊಂಡು ಹೋಗಿ.”

ಹೋದರು.

ಹನ್ನೆರಡೂಕಾಲಿಗೆ ಕೊನೆಯ ಎಣಿಕೆ. ದೊಡ್ಡವು, ಮಧ್ಯಮ, ಮರಿ, ಮೂರೂ ಸರಿಯಾಗಿದ್ದವು. ಮಂಕರಿ ಎತ್ತಲು ಬಾಗಿಲಿಗೆ ಬಂದೆ. ಕೈಗೆ ಹಗುರಾಗಿ ಬಂತು. ಕೂತು ಎಣಿಸಿದೆ. ಇಪ್ಪತ್ತೇಳು. ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೇಳೇ.

ಪಕ್ಕದ ಚೀಲ ನೋಡಿದೆ. ಅದರ ಬಾಯಿಗೆ ನಾನು ಹಾಕಿದ ಗಂಟು ಹಾಕಿದ ಹಾಗೆಯೇ ಇತ್ತು.

ಥಿಯೇಟರಿನಲ್ಲೂ ಎಣಿಕೆ ತಪ್ಪುವುದಿತ್ತು. ಆದರೆ ಅಲ್ಲಿ ಹುಡುಕಬೇಕಾದದ್ದು ಒಂದು ಮೇಜಿನ ಮೇಲೆ ಮಲಗಿದ ಒಬ್ಬರ ಹೊಟ್ಟೆಯಲ್ಲಿ. ಇಲ್ಲಿ ಮೂವತ್ತನಾಲ್ಕು ಗೆಡ್ಡೆ ಮೂರು ಮನೆಗಳಿಗೆ ಹೋಗಿದ್ದವು, ಮನೆಗಳಲ್ಲಿ ಎಷ್ಟು ಜನವೋ. ಔಷಧಿ ನೀರಿಗೆ ಅವುಗಳನ್ನು ಅದ್ದಿರಲಿಲ್ಲ, ಅದೊಂದೇ ಪುಣ್ಯ.

ತಮ್ಮನನ್ನು ಕೂಗಿದೆ. ಅವನು ಕೇಳಿ ಮಂಕರಿ ಬಗ್ಗಿಸಿ ನೋಡಿದ. ಆಮೇಲೆ ಮೆಲ್ಲಗೆ ಅಂದ. “ಅಕ್ಕ, ಊರಲ್ಲಿ ಬಾಯಿ ಬುಡಬ್ಯಾಡ. ಮೂರು ಮನೆಗೆ ಓಗಿ ಈಸ್ಕಂಡು ಬರಾನ. ಮೂರು ವರ್ಸದಿಂದ ಇವ್ರು ಇಸ ಬೆಳ್ದವ್ರೆ ಅಂತ ಗೊತ್ತಾದ್ರೆ ಡೈರಿ ತಾವ ನಾ ತಲೆ ಎತ್ತಂಗಿಲ್ಲ.”

ಮಧ್ಯಾಹ್ನ ಕೂಲಿಯಿಂದ ಬಂದವರು ಬೆಳಗಿನ ಮುದ್ದೆ ಉಂಡು ಮಲಗುತ್ತಾರೆ. ಒಲೆ ಹೊತ್ತುವುದು ಸಂಜೆ, ಡೈರಿಗೆ ಹಾಲು ಹಾಕಿ ಬಂದ ಮೇಲೆ. ಸಮಯ ಇತ್ತು. ಅವನು ಹೇಳಿದ್ದಕ್ಕೆ ಒಪ್ಪಿದೆ. ಅದು ಅಂದಿನ ನನ್ನ ಎರಡನೆಯ ತಪ್ಪು.

ಮೊದಲು ಎಮ್ಮೆಯವಳ ಮನೆ. ಅವಳು ಎಂಟು ತಂದು ಕೊಟ್ಟಳು. “ಬುಡ ಕತ್ರುಸಿ ನೀಟಾಗಿ ಮಡಗಿದ್ರಲ್ಲ, ನಮ್ಗೇ ಅನ್ಕಂಡೊ,” ಎಂದಳು. ಇವು ಹೂವಿನ ಗೆಡ್ಡೆ, ತಿನ್ನುವುದಲ್ಲ ಎಂದೆ. ಇಷ್ಟೇ ಅಂದೆ, ವಿಷವೆನ್ನಲಿಲ್ಲ.

ಆಮೇಲೆ ಹಿರಿಯಳ ಮನೆ. ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ಪುಸ್ತಕ ಬಿಚ್ಚಿ, ಪೆನ್ನು ಹಿಡಿದು ಕೇಳಿದೆ. “ಬೆಳಿಗ್ಗೆ ಬಾಗಿಲ ಹತ್ತಿರದಿಂದ ಎಷ್ಟು ತಗೊಂಡೆ?”

ಅವಳ ಮುಖ ಬಿಗಿಯಿತು. “ಎಷ್ಟು ಅಂದ್ರೆ? ನೀವೇ ಅಲ್ವಾ ಆಕ್ಕಂಡೋಗಿ ಅಂದಿದ್ದು? ಮಡ್ಲಿಗೆ ಆಕಿದ್ನೂ ಬುಕ್ಕಲ್ ಬರ್ಕತೀರಾ?”

“ಹಾಗಲ್ಲ. ಲೆಕ್ಕ ಬೇಕು.”

“ಏಳು,” ಎಂದಳು. ಒಳಗೆ ಹೋಗಿ ಏಳು ತಂದು ಜಗುಲಿಯ ಮೇಲೆ ಒಂದೊಂದಾಗಿ ಇಟ್ಟಳು. “ಎಣಿಸ್ಕಳಿ. ನಾವೇನು ಕದ್ದಿಲ್ಲ ಕಣಮ್ಮ.”

ಎಂಟು, ಏಳು, ಹದಿನೈದು. ಉಳಿದದ್ದು ಹತ್ತೊಂಬತ್ತು. ಹಾಗಾದರೆ ಹತ್ತೊಂಬತ್ತೂ ಕಿರುಗಾವಲಿನವಳ ಬಳಿ. ಲೆಕ್ಕ ಕೂಡಿದರೆ ನಾನು ಮುಖ ನೋಡುವವಳಲ್ಲ. ಹಿರಿಯಳ ಮುಖವನ್ನು ಅಂದು ನೋಡಬೇಕಿತ್ತು.

ಕಿರುಗಾವಲಿನವಳ ಮನೆಯಲ್ಲಿ ಅವಳ ಗಂಡ ಮಾತ್ರ ಇದ್ದ. “ತವರಿಗೆ ಓದ್ಳಲ್ಲ, ಹನ್ನೆರಡರ ಬಸ್ಸಿಗೆ. ಅವ್ಳಪ್ಪಂಗೆ ಈರುಳ್ಳಿ ಅಂದ್ರೆ ಪ್ರಾಣ. ಹೊಸ ಈರುಳ್ಳಿ ಕೊಟ್ಟು ಬತ್ತೀನಿ ಅಂತ ಓದ್ಳು. ಮುದುಕಪ್ಪ ಹಸೀದೇ ಕಚ್ಕತಾನೆ, ಮುದ್ದೆ ಜೊತೆಗೆ.”

ಹಸಿಯಾಗಿಯೇ ಕಚ್ಚಿಕೊಳ್ಳುತ್ತಾನೆ.

“ಫೋನ್ ಮಾಡು.”

“ಅವ್ಳ ಫೋನು ಇಲ್ಲೇ ಚಾರ್ಜಿಗೆ ಬುಟ್ಟೋಗವ್ಳೆ. ಮಾವನ್ದು ರಿಂಗಾಗ್ತದೆ, ಎತ್ತಾಕಿಲ್ಲ. ಕಿವಿ ಮಂದ.”

ಒಂದು ಗಂಟೆ ಹತ್ತು ನಿಮಿಷಕ್ಕೆ ತಮ್ಮನ ಹಳೆಯ ವ್ಯಾನಿನಲ್ಲಿ ಹೊರಟೆವು. ನಾನು, ತಮ್ಮ, ದಾರಿ ತೋರಿಸಲು ಆ ಗಂಡ. ಅವಳು ಮಂಡ್ಯದಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ನಿಲ್ದಾಣಗಳಲ್ಲಿ ಕಾಯಬೇಕು. ನಾವು ಹಿಂದೆ ಹಾಕಬಹುದೆಂಬ ಆಸೆ. ಮಂಡ್ಯದ ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಿದ್ದು ಇಪ್ಪತ್ತು ನಿಮಿಷ ಹೋಯಿತು. ಆ ಗಂಡನಿಗೆ ದಾರಿಯಲ್ಲಿ ನಿಜ ಹೇಳಿದೆ. ಅವನು ಎರಡೆರಡು ನಿಮಿಷಕ್ಕೆ ಮಾವನ ನಂಬರು ಒತ್ತುತ್ತಿದ್ದ. ಫೋನು ರಿಂಗಾಗಿ ರಿಂಗಾಗಿ ನಿಲ್ಲುವುದು ವ್ಯಾನಿನೊಳಗೆ ಎಲ್ಲರಿಗೂ ಕೇಳುತ್ತಿತ್ತು. ನಾನು ಮನಸ್ಸಿನಲ್ಲಿ ಕ್ರಮ ಹಾಕಿಕೊಳ್ಳುತ್ತಿದ್ದೆ. ಮೊದಲು ಬಾಯಿ ತೊಳೆಸುವುದು. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸುವುದು. ನಾಡಿ. ಮಳವಳ್ಳಿ ಆಸ್ಪತ್ರೆಗೆ ಎಷ್ಟು ಹೊತ್ತು? ಕ್ರಮ ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆಂದು ಹೊಸ ನರ್ಸುಗಳಿಗೆ ಹೇಳುತ್ತಿದ್ದೆ. ಅಂದು ಆಗಲಿಲ್ಲ.

ಎರಡೂ ಮುಕ್ಕಾಲಿಗೆ ಕಿರುಗಾವಲಿನ ಆ ಮನೆಯ ಮುಂದೆ ಇಳಿದೆವು. ಪಡಸಾಲೆಯಲ್ಲಿ ಮುದುಕಪ್ಪ ತಟ್ಟೆಯ ಮುಂದೆ ಕೂತಿದ್ದ. ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಎರಡು ಹೋಳಾದ ಒಂದು ಗೆಡ್ಡೆ.

“ತಿನ್ನಬೇಡಿ!” ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ. ಓಡಿ ಹೋಗಿ ತಟ್ಟೆಯಿಂದ ಹೋಳುಗಳನ್ನು ಎತ್ತಿಕೊಂಡೆ. ಎರಡನ್ನೂ ಸೇರಿಸಿ ಹಿಡಿದೆ. ಪೂರ್ತಿ ಇತ್ತು. ಕಚ್ಚಿದ ಗುರುತಿರಲಿಲ್ಲ.

ಮುದುಕಪ್ಪ ಅಳಿಯನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ. “ಯಾರ್ಲಾ ಈ ಯಮ್ಮ, ಉಣ್ಣೋರ ತಟ್ಟೆಗೆ ಕೈ ಆಕ್ತಳೆ? ಬೇಕಾದ್ರೆ ತಗಂಡೋಗ್ಲಿ ಬುಡು. ನಿನ್ನೆಂಡ್ತಿ ತಂದಿರಾದು ಈರುಳ್ಳಿನೇ ಅಲ್ಲ. ಕುಯ್ದ್ರೆ ಕಣ್ಣಲ್ಲಿ ನೀರಿಲ್ಲ, ಮೂಸುದ್ರೆ ವಾಸ್ನೆ ಇಲ್ಲ, ಕೈಗೆಲ್ಲ ಲೋಳೆ. ನಾ ಮುಟ್ಟನಿಲ್ಲ.”

ಅವನ ಕೈ ತೊಳೆಸಿದೆ.

ಕಿರುಗಾವಲಿನವಳು ಹಿತ್ತಿಲಿನಿಂದ ಬಂದಳು. ಉಳಿದವನ್ನು ಚೀಲದಿಂದ ಸುರಿದಳು. ಹತ್ತು. ಕೊಯ್ದದ್ದು ಒಂದು. ಹನ್ನೊಂದು.

“ಹತ್ತೊಂಬತ್ತು ಇರಬೇಕು,” ಎಂದೆ.

“ಇಲ್ಲ ಕಣಮ್ಮ, ನಾ ತಗಂಡಿದ್ದು ಇಷ್ಟೇ. ನಮ್ಮಪ್ಪನ ಮೇಲಾಣೆ.”

“ಹಾಗಾದ್ರೆ ಇನ್ನು ಎಂಟು ಎಲ್ಲಿ?”

ಅವಳು ತಲೆ ತಗ್ಗಿಸಿದಳು. “ನಂಗೊತ್ತಿಲ್ಲ,” ಎಂದಳು. ಗೊತ್ತಿರುವವರು ಹೇಳುವ ಹಾಗೆ.

ವಾಪಸು ಬರುವಾಗ ತಮ್ಮ ಹೇಳಿದ. “ಆ ಮುದುಕಿನೇ ಅಕ್ಕ. ನೇರ ಅವ್ಳ ಮನೆಗೆ ನುಗ್ಗಿ ಜೋರು ಮಾಡಾನ. ಬಾಯ್ ಬುಡ್ತಾಳೆ.”

ನನಗೆ ಒಬ್ಬ ಹೊಸ ನರ್ಸು ನೆನಪಾಗಿದ್ದಳು. ಬಹಳ ಹಿಂದೆ, ಒಂದು ಆಪರೇಷನ್ನಿನಲ್ಲಿ ಬಟ್ಟೆಯ ತುಂಡೊಂದು ಎಣಿಕೆಗೆ ಸಿಗಲಿಲ್ಲ. ಅವಳು ನನ್ನ ಮುಖ ನೋಡಿ ಎಣಿಕೆ ಸರಿಯಿದೆ ಅಂದಳು. ರೋಗಿಯನ್ನು ಮರುದಿನ ಮತ್ತೆ ಮೇಜಿಗೆ ತರಬೇಕಾಯಿತು. ಬದುಕಿದರು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದ್ದಕ್ಕೆ ಅವಳು, “ನೀವು ಕೇಳಿದ ರೀತಿಗೆ ಭಯವಾಯ್ತು ಸಿಸ್ಟರ್,” ಎಂದಿದ್ದಳು. ಅವಳನ್ನು ಬೇರೆ ವಾರ್ಡಿಗೆ ಹಾಕಿಸಿದೆ. ನಾನು ಕೇಳುವ ರೀತಿಯನ್ನು ಬದಲಿಸಲಿಲ್ಲ.

ಹಿರಿಯಳ ಜಗುಲಿಯ ಮುಂದೆ ಪುಸ್ತಕ ಬಿಚ್ಚಿದ್ದು ಅದೇ ನಾನು. ಹೆಚ್ಚು ತೆಗೆದುಕೊಂಡಿದ್ದರೂ ಅವಳು ಯಾಕೆ ಹೇಳುತ್ತಾಳೆ? ಹೇಳಿದರೆ ಕಳ್ಳಿಯಾಗುತ್ತಾಳೆ. ಮತ್ತೆ ಮನೆಗೆ ನುಗ್ಗಿದರೆ ಎಂಟೂ ತಿಪ್ಪೆಗೋ ಹಟ್ಟಿಗೋ ಹೋಗುತ್ತವೆ. ಇಲ್ಲವೇ ಆಗಲೇ ಅವಳ ಕೈ ದಾಟಿ, ಯಾರ ಮನೆಯ ಒಲೆಯ ಮೇಲಿವೆಯೋ. ಒಲೆ ಹೊತ್ತುವ ಹೊತ್ತು ಹತ್ತಿರ ಬರುತ್ತಿತ್ತು.

“ಡೈರಿಗೆ ಬಿಡು,” ಎಂದೆ.

“ಅಕ್ಕ!”

“ಹಿಂಡಿ ಬಂದಾಗ ಕೂಗೋ ಮೈಕು ಇದೆಯಲ್ಲ, ಅದು ಬೇಕು.”

ಹಳೆಯ ವ್ಯಾನು ದಾರಿಯಲ್ಲಿ ಎರಡು ಸಲ ಕಾದು ನಿಂತಿದ್ದರಿಂದ ಊರು ತಲುಪಿದಾಗ ಐದೂ ಮುಕ್ಕಾಲು. ಡೈರಿಯ ಮುಂದೆ ಸಾಲು ನಿಂತಿತ್ತು, ಕೈಯಲ್ಲಿ ಕ್ಯಾನು, ಪಾಸ್ ಪುಸ್ತಕ. ಊರಿನ ಬಹುಪಾಲು ಮನೆಗಳಿಂದ ಒಬ್ಬೊಬ್ಬರಾದರೂ ಅಲ್ಲಿ ಇರುತ್ತಾರೆ. ಕಾರ್ಯದರ್ಶಿಗೆ ಎರಡು ಮಾತಿನಲ್ಲಿ ಹೇಳಿದೆ. ಅವನು ಹಾಲಿನ ಕೊಬ್ಬು ಅಳೆಯುವುದನ್ನು ನಿಲ್ಲಿಸಿ ಮೈಕು ಕೊಟ್ಟ. ಸಾಲಿನಲ್ಲಿ ಹಿರಿಯಳು ಆರನೆಯವಳಾಗಿ ನಿಂತಿದ್ದಳು.

ನನ್ನ ಧ್ವನಿ ಕಂಬದ ಮೇಲಿನಿಂದ ನನಗೇ ಕೇಳಿಸಿತು.

“ನಾನು ನರ್ಸಮ್ಮ. ಎಲ್ಲರೂ ಒಂದು ನಿಮಿಷ ಕೇಳಿ. ಬೇಲಿಯೊಳಗೆ ನಾನು ಬೆಳೀತಿರೋ ಹೂವಿನ ಗೆಡ್ಡೆ ವಿಷ. ಈರುಳ್ಳಿ ಥರಾನೇ ಇರುತ್ತೆ. ಮೂರು ವರ್ಷದಿಂದ ನನಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ. ಅದು ನನ್ನ ತಪ್ಪು. ಇವತ್ತು ಕೂಲಿಗೆ ಬಂದವರಿಗೆ ಈರುಳ್ಳಿ ಅಂತ ನಾನೇ ಆ ಗೆಡ್ಡೆ ಕೊಟ್ಟುಬಿಟ್ಟೆ. ಅವರು ಕೇಳಲಿಲ್ಲ, ನಾನು ಕೊಟ್ಟೆ. ಅವರು ಪ್ರೀತಿಯಿಂದ ಇನ್ನೊಬ್ಬರಿಗೆ ಕೊಟ್ಟಿರಬಹುದು. ಅದರಲ್ಲಿ ಎಂಟು ಇನ್ನೂ ಸಿಕ್ಕಿಲ್ಲ. ಕೊಯ್ದಾಗ ಕಣ್ಣುರಿ ಬರದ ಈರುಳ್ಳಿ ಯಾರ ಮನೇಲಿದ್ರೂ ತಿನ್ನಬೇಡಿ. ಸಾರು ಮಾಡಿದ್ರೆ ಇಳಿಸಿ. ಯಾರನ್ನೂ ನಾನು ಏನೂ ಕೇಳಲ್ಲ.”

ಕ್ಯಾನಿನ ಮುಚ್ಚಳವೊಂದು ನೆಲಕ್ಕೆ ಬಿದ್ದು ಉರುಳಿತು. ಹಿರಿಯಳ ಕ್ಯಾನು ಅವಳ ಕೈಯಿಂದ ಜಾರಿತ್ತು. ಹಾಲು ಕಾಲ ಮೇಲೆ ಹರಿಯುತ್ತಿತ್ತು. ಅವಳು ನನ್ನ ಕಡೆ ನೋಡಿದಳು.

“ಮಗ್ಳು,” ಎಂದಳು. “ನಮ್ಮುಡ್ಗಿಗೆ ಕೊಟ್ಬುಟ್ಟೆ ಕಣಮ್ಮೋ. ಬಸ್ರಿ, ಉಳಿ ಸಾರು ಅಂತ ಆಸೆಪಟ್ಟಿದ್ಳು.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಆ ವಯಸ್ಸಿನಲ್ಲಿ ಹಾಗೆ ಓಡುವವರನ್ನು ನಾನು ನೋಡಿರಲಿಲ್ಲ. ನಾನೂ ಓಡಿದೆ. ತಮ್ಮ ವ್ಯಾನು ತರಲು ಹೋದ.

ಮಗಳನ್ನು ಅದೇ ಊರಿನ ಕೊನೆಯ ಬೀದಿಗೆ ಕೊಟ್ಟಿದ್ದರು. ಬಾಗಿಲಿನಲ್ಲೇ ಹುಳಿ ಸಾರಿನ ಒಗ್ಗರಣೆ ವಾಸನೆ. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಹಿತ್ತಿಲ ಬಾಗಿಲಿನಲ್ಲಿ ಮಗಳು ಬಗ್ಗಿ ನಿಂತು ಉಗುಳುತ್ತಿದ್ದಳು. ಐದು ತಿಂಗಳಿರಬೇಕು, ಹೊಟ್ಟೆ ಕಾಣುತ್ತಿತ್ತು.

“ಏನಾಯ್ತವ್ವಾ? ಉಂಡ್ಯಾ? ಎಷ್ಟು ಉಂಡೆ?” ಹಿರಿಯಳು ಅವಳ ಭುಜ ಹಿಡಿದು ಅಲ್ಲಾಡಿಸಿದಳು.

“ಉಂಡಿಲ್ಲ ಕಣವ್ವ, ಉಪ್ಪು ನೋಡ್ದೆ. ಅಂಗೈಗೆ ಎಲ್ಡು ಸಲ ಬುಟ್ಕಂಡು ನೆಕ್ದೆ. ಬಾಯೆಲ್ಲ ಉರೀತದೆ, ಒಂದ್ ಸಲ ವಾಂತಿ ಆಯ್ತು. ನಾ ಬಸ್ರಿ ಸಂಕ್ಟ ಅಂತ ಅನ್ಕಂಡೆ.”

ಕೂರಿಸಿದೆ. ಬಾಯಿ ತೊಳೆಸಿದೆ. ನಾಡಿ ಹಿಡಿದೆ. ವೇಗ ಇತ್ತು, ಲಯ ಸರಿಯಿತ್ತು. ಕಣ್ಣಿನ ಪಾಪೆ ನೋಡಿದೆ. ಕೈ ಬೆರಳು ಚಾಚಿಸಿದೆ, ನಡುಕವಿಲ್ಲ. ನಾಡಿ ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿ ಮೊದಲಿನಿಂದ ಶುರು ಮಾಡಿದೆ. ಪಾತ್ರೆ ಇಳಿಸಿ ಒಲೆ ಆರಿಸಿದೆ.

ಎಷ್ಟು ಗೆಡ್ಡೆ ಬೆಂದಿತ್ತೆಂದು ತಿಳಿಯಬೇಕಿತ್ತು. ಡಾಕ್ಟರು ಮೊದಲು ಕೇಳುವುದು ಅದನ್ನೇ. ಬುಟ್ಟಿಯಲ್ಲಿ ಮೂರು ಉಳಿದಿದ್ದವು. ಸಾರಿನಲ್ಲಿ ಹೋಳುಗಳನ್ನು ಎಣಿಸಿ ಪ್ರಯೋಜನವಿಲ್ಲ. ಮೊರದಲ್ಲಿ ಸಿಪ್ಪೆ ಬಿದ್ದಿತ್ತು. ನೆಲದ ಮೇಲೆ ಕೂತು ಸಿಪ್ಪೆ ಕೆದಕಿದೆ. ಪ್ರತಿ ಗೆಡ್ಡೆಗೂ ಬುಡದಲ್ಲಿ ಬೇರು ಹೊರಡುವ ಒಂದು ಗಟ್ಟಿ ಬಿಲ್ಲೆ ಇರುತ್ತದೆ, ಒಂದೇ. ಈರುಳ್ಳಿ ಹೆಚ್ಚುವವರು ಮೊದಲು ಕೊಯ್ದು ಎಸೆಯುವುದು ಅದನ್ನೇ. ಒಂದೊಂದಾಗಿ ಆರಿಸಿ ಅಂಗೈಯಲ್ಲಿಟ್ಟುಕೊಂಡೆ. ಐದು.

ಮೂರು, ಐದು, ಎಂಟು. ಮೂವತ್ತನಾಲ್ಕೂ ಬಂದವು. ಇನ್ನಾವ ಮನೆಯಲ್ಲೂ ಇಲ್ಲ. ಆ ಕ್ಷಣದಲ್ಲಿ ನನಗೆ ಅಳು ಬಂತು. ತಡೆದೆ, ವ್ಯಾನು ಬಂದು ನಿಂತಿತ್ತು.

ದುದ್ದದ ಸರ್ಕಾರಿ ಆಸ್ಪತ್ರೆ, ಆರೂಕಾಲು. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಗೆಡ್ಡೆಯ ಹೆಸರು, ನೆಕ್ಕಿದ ಹೊತ್ತು, ಅಂದಾಜು ಪ್ರಮಾಣ, ವಾಂತಿ ಒಂದು ಸಲ ಎಂದು ಹೇಳಿದೆ. ಮಾದರಿಗೆ ಒಂದು ಗೆಡ್ಡೆ ತೋರಿಸಿದೆ. ಅವರು ಮೇಲಿನ ಆಸ್ಪತ್ರೆಗೆ ಫೋನು ಮಾಡಿ ಕೇಳಿಕೊಂಡರು. ಒಂದು ಬಾಟಲಿ ಡ್ರಿಪ್ಪು ಹಾಕಿ, ಎರಡು ಗಂಟೆ ನೋಡಿಕೊಳ್ಳೋಣ ಎಂದರು. ಮಗುವಿನ ಎದೆಬಡಿತವನ್ನೂ ನೋಡಿದರು.

ಆ ಎರಡು ಗಂಟೆಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ನಾನು ನಾಡಿ ಎಣಿಸಿದೆ. ನಡುವಿನ ಹದಿನಾಲ್ಕು ನಿಮಿಷಗಳಲ್ಲಿ ಮಾಡಲು ಏನೂ ಇರಲಿಲ್ಲ. ಹಿರಿಯಳು ಬೆಂಚಿನ ಆ ತುದಿಯಲ್ಲಿ ಕೂತಿದ್ದಳು. ಹಾಲು ಒಣಗಿ ಅವಳ ಪಾದದ ಮೇಲೆ ಬಿಳಿ ಗೆರೆಯಾಗಿತ್ತು.

ಪಾದ ನೋಡಿಕೊಂಡೇ ಹೇಳಿದಳು. “ಹದಿನೈದು ಕಣಮ್ಮ. ಎಲ್ಡು ಮಡ್ಲು ಆಕ್ಕಂಡಿದ್ದೆ. ಮದ್ಯಾನ್ನವೇ ಏಳಿದ್ರೆ…”

“ಬೆಳಿಗ್ಗೆ ಬಕೆಟ್ಟು ನೋಡಿ ನೀನು ಕೇಳಿದಾಗಲೇ ನಾನು ಹೇಳಿದ್ರೆ…” ಎಂದೆ.

“ಅದೂ ನಿಜವೇಯ,” ಎಂದಳು. ಸಮಾಧಾನ ಹೇಳುವ ಹೆಂಗಸಲ್ಲ. “ಇಸ ಅಂತ ಒಂದ್ ಮಾತು ಅಂದಿದ್ರೆ ಬಾಯಿ ಸವೆದೋಗ್ತಿತ್ತಾ?”

ಎಂಟೂ ಹತ್ತಕ್ಕೆ ನಾಡಿ ಎಂಬತ್ತು. ವಾಂತಿ ಮತ್ತೆ ಆಗಲಿಲ್ಲ. ಹುಡುಗಿ ಹಸಿವು ಅಂದಳು. ಡಾಕ್ಟರು ಮನೆಗೆ ಹೋಗಬಹುದು, ವಾಂತಿಯಾದರೆ ತಕ್ಷಣ ಬನ್ನಿ ಎಂದರು.

ನಾವು ಬರುವಷ್ಟರಲ್ಲಿ ಡೈರಿ ಕಾರ್ಯದರ್ಶಿ ಹೊಲದ ಬಳಿ ಕಾಯುತ್ತಿದ್ದ. ಬೇಲಿಗೆ ಬೋರ್ಡು ಹಾಕಬೇಕು, ಬೆಳೆಯುವುದೋ ಬಿಡುವುದೋ ಊರಿನವರು ಕೂತು ಮಾತಾಡುತ್ತಾರೆ ಎಂದ. ಆಗಲಿ ಎಂದೆ. ಅವನ ಎದುರಿಗೇ ಗುಂಡಿಗೆ ಹಾಕಿದೆ. ಮಂಕರಿಯ ಇಪ್ಪತ್ತೇಳು, ಎಮ್ಮೆಯವಳ ಎಂಟು, ಜಗುಲಿಯ ಏಳು, ಕಿರುಗಾವಲಿನ ಹನ್ನೊಂದು, ಬುಟ್ಟಿಯ ಮೂರು, ಐದು ಬಿಲ್ಲೆ. ಅರವತ್ತೊಂದು. ಸಾರನ್ನೂ ಸುರಿದೆ. ಮೇಲೆ ಸುಣ್ಣ, ಮೇಲೆ ಮಣ್ಣು. ತಮ್ಮ ಗುದ್ದಲಿಯಿಂದ ಬಡಿದು ಗಟ್ಟಿ ಮಾಡಿದ.

ಒಂದು ಕೆಲಸ ಬಾಕಿಯಿತ್ತು. ಬಾಗಿಲ ಬಳಿಯ ಈರುಳ್ಳಿ ಚೀಲವನ್ನು ಹಾಗೆಯೇ ಎತ್ತಿಕೊಂಡು ಹಿರಿಯಳ ಮನೆಗೆ ಹೋದೆ. ಮಗಳು ಜಗುಲಿಯ ಮೇಲೆ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಗಂಟು ಬಿಗಿಯಾಗಿ ಹಾಕಿದ್ದೆ. ಉಗುರಿಗೆ ಬರಲಿಲ್ಲ, ಹಲ್ಲಿನಿಂದ ಬಿಚ್ಚಿದೆ.

“ಸಾರಿಗೆ,” ಎಂದೆ. “ಎರಡು ಮನೆಗೂ.”

ಹಿರಿಯಳು ಸೆರಗು ಒಡ್ಡಲಿಲ್ಲ. ಕೈ ಹಾಕಿ ಒಂದು ಈರುಳ್ಳಿ ತೆಗೆದಳು. ಒಳಗಿನಿಂದ ಈಳಿಗೆಮಣೆ ತಂದು ನನ್ನ ಎದುರಿಗೇ ಕೂತು ಎರಡು ಹೋಳು ಮಾಡಿದಳು. ಒಂದು ಹೋಳನ್ನು ಕಣ್ಣಿನ ಹತ್ತಿರ ಹಿಡಿದು ರೆಪ್ಪೆ ಮಿಟುಕಿಸದೆ ಕಾದಳು. ನಾನೂ ಕಾದೆ. ಕಣ್ಣು ತುಂಬಿ ನೀರು ಕೆನ್ನೆಗೆ ಇಳಿಯಿತು.

“ಹೂಂ. ಇದು ಈರುಳ್ಳಿ,” ಎಂದಳು. ಆಮೇಲೆ ಸೆರಗು ಒಡ್ಡಿದಳು.

ನಾನು ಎಣಿಸದೆ ಸುರಿದೆ. ಎಮ್ಮೆಯವಳ ಮನೆಗೂ, ಕಿರುಗಾವಲಿನವಳ ಗಂಡನಿಗೂ ಕೊಟ್ಟು, ಖಾಲಿ ಚೀಲ ಕೊಡವಿ ಮಡಿಸಿದೆ. ಆಗ ಗಂಟೆ ಒಂಬತ್ತಕ್ಕೆ ಐದು ನಿಮಿಷ.